ಸಮುದ್ರದಾಗ ಎಣ್ಣಿ ಚೆಲ್ಲಿದರೆ ನಮ್ಮೂರ ಮಳೆ ನಿಲ್ಲುತ್ತದೆಯೇ?



2025ರ ಮೇ ತಿಂಗಳ ಕೊನೆಯ ವಾರ. ಕುಷ್ಟಗಿ ತಾಲೂಕಿನ ಒಂದು ಊರಿನಲ್ಲಿ ಸಂಘದ ವಾರದ ಸಭೆ ನಡೆದಿತ್ತು. ಉಳಿತಾಯ ಕಟ್ಟಿದ್ದಾಯಿತು, ಹಾಜರಿ ಹಾಕಿದ್ದಾಯಿತು. ಆ ದಿನದ ಮುಖ್ಯ ವಿಷಯ ಬಿತ್ತನೆ ಬೀಜಕ್ಕೆ ಸಾಲ. ಆರು ಮಂದಿ ಸದಸ್ಯರು ಹೆಸರು, ಸಜ್ಜೆ ಬಿತ್ತಲು ಸಾಲ ಕೇಳಿದ್ದರು. ಅಷ್ಟರಲ್ಲಿ ಒಬ್ಬ ಸದಸ್ಯೆ ಮೊಬೈಲ್ ತೆಗೆದು ಎಲ್ಲರಿಗೂ ತೋರಿಸಿದರು. "ನೋಡ್ರೀ, ಕೇರಳದ ಕಡೆ ಸಮುದ್ರದಾಗ ಹಡಗ ಮುಳುಗೇತಂತ. ನೀರಿನ ಮ್ಯಾಲೆ ಎಣ್ಣಿ ಪದರ ಕುಂತೈತಂತ. ಇನ್ನ ನೀರು ಆವಿ ಆಗೂದಿಲ್ಲಂತ. ಆವಿ ಇಲ್ಲ ಅಂದ್ರ ಮೋಡ ಎಲ್ಲಿಂದ ಬರ್ತಾವು? ಈ ಸಲ ಮಳಿ ಇಲ್ಲಂತ್ರೀ" ಎಂದರು.

ಸಭೆ ಗಪ್ ಆಯಿತು. ಮಾತು ಕೇಳಿದರೆ ಸುಳ್ಳು ಅನ್ನಿಸುವಂತಿರಲಿಲ್ಲ. ನಮ್ಮ ಕಡೆಯಿಂದ ಹೋಗಿದ್ದ ಕಾರ್ಯಕರ್ತರನ್ನು ಕೇಳಿದರು. ಅವರಿಗೂ ಗೊತ್ತಿರಲಿಲ್ಲ. "ಇದ್ದರೂ ಇರಬಹುದು" ಎಂದುಬಿಟ್ಟರು. ಸಾಲದ ನಿರ್ಣಯ ಮುಂದಕ್ಕೆ ಹೋಯಿತು. ಎರಡು ವಾರ ತಡವಾಗಿ ದುಡ್ಡು ಕೈಗೆ ಬಂತು. ಅಷ್ಟರಲ್ಲಿ ಮೇ ತಿಂಗಳ ಮಳೆಗೆ ಬಂದಿದ್ದ ಹದ ಆರಿತ್ತು, ಹೆಸರು ಬಿತ್ತುವ ಹೊತ್ತು ಮೀರಿತ್ತು.

ತಪ್ಪು ಆ ಸದಸ್ಯೆಯದಲ್ಲ. ಅವರು ಕೇಳಿದ್ದು ಒಳ್ಳೆಯ ಪ್ರಶ್ನೆ. ಗೊತ್ತಿಲ್ಲದೆ "ಇದ್ದರೂ ಇರಬಹುದು" ಎಂದ ನಮ್ಮದೇ ತಪ್ಪು. "ಗೊತ್ತಿಲ್ಲ, ಕೇಳಿ ಹೇಳ್ತೀವಿ" ಅನ್ನಬೇಕಾಗಿತ್ತು. ಆದ್ದರಿಂದ ಈ ಸಲ ಅದೇ ಪ್ರಶ್ನೆಯನ್ನು ಹಿಡಿದು, ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಎಲ್ಲ ಸಂಘಗಳೂ ಸಭೆಯಲ್ಲಿ ಇದನ್ನು ಓದಿ ಚರ್ಚಿಸಬೇಕೆಂದು ಕೋರುತ್ತೇವೆ.

ಮೊದಲು, ಆದದ್ದೇನು?

2025ರ ಮೇ 25ರಂದು ಕೇರಳದ ಕೊಚ್ಚಿ ಸಮೀಪ ಅರಬ್ಬಿ ಸಮುದ್ರದಲ್ಲಿ ಎಂ.ಎಸ್.ಸಿ. ಎಲ್ಸಾ-3 ಎಂಬ ಸರಕು ಹಡಗು ಮುಳುಗಿದ್ದು ನಿಜ. ಅದರಲ್ಲಿ 640 ಕಂಟೇನರುಗಳಿದ್ದವು. ಹಡಗು ಓಡಿಸಲೆಂದು ತುಂಬಿಕೊಂಡಿದ್ದ ಸುಮಾರು 367 ಟನ್ ಫರ್ನೇಸ್ ಎಣ್ಣೆ, 84 ಟನ್ ಡೀಸೆಲ್ ಇತ್ತು. ನೀರಿನ ಮೇಲೆ ಎಣ್ಣೆ ಹರಡಿದ್ದೂ ನಿಜ.

ನಮ್ಮ ಕರ್ನಾಟಕದ ದಂಡೆಯಲ್ಲೂ ಇಂಥದ್ದು ನಡೆದಿದೆ. 2006ರ ಮೇ 30ರಂದು ಓಷನ್ ಸೆರಾಯಾ ಎಂಬ ಹಡಗು ಕಾರವಾರದ ಹತ್ತಿರ ಸಮುದ್ರದಲ್ಲಿ ಬಂಡೆಗೆ ಸಿಕ್ಕಿಕೊಂಡಿತು. ಸುಮಾರು 650 ಟನ್ ಎಣ್ಣೆ ಸಮುದ್ರಕ್ಕೆ ಸೋರಿತು. ಕಾರವಾರದಿಂದ ದಕ್ಷಿಣ ಗೋವಾದವರೆಗೂ ದಂಡೆಗೆ ಕರಿ ಜಿಡ್ಡು ಬಂದು ಬಿತ್ತು. 2022ರ ಜೂನ್‌ನಲ್ಲಿ ಮಂಗಳೂರಿನ ಉಳ್ಳಾಲದ ಬಳಿ ಪ್ರಿನ್ಸೆಸ್ ಮಿರಾಲ್ ಎಂಬ ಹಡಗು ಮುಳುಗಿತು. ಅದರೊಳಗಿದ್ದ 220 ಟನ್ ಎಣ್ಣೆ ಎಲ್ಲಿ ಸೋರುತ್ತದೋ ಎಂದು ಕರಾವಳಿಯೆಲ್ಲ ಹೆದರಿಕೊಂಡಿತ್ತು.

ಗಮನಿಸಿ, ಮೂರೂ ಹಡಗುಗಳಿಗೆ ಅಪಾಯ ಬಂದದ್ದು ಮುಂಗಾರು ಶುರುವಾಗುವ ಹೊತ್ತಿಗೇ. ಆಗ ಸಮುದ್ರ ಒರಟಾಗಿರುತ್ತದೆ, ಗಾಳಿ ಜೋರಿರುತ್ತದೆ, ಹಡಗುಗಳಿಗೆ ಕಷ್ಟಕಾಲ. ನಾವು ಮಳೆಗಾಗಿ ಮುಗಿಲು ನೋಡುವುದೂ ಆಗಲೇ. ಎರಡೂ ಒಂದೇ ಹೊತ್ತಿಗೆ ಬರುವುದರಿಂದ ಮನಸ್ಸು ಎರಡನ್ನೂ ಗಂಟು ಹಾಕಿಬಿಡುತ್ತದೆ.

ಮಾತಿನಲ್ಲಿ ಇರುವ ಸತ್ಯ

ಎಣ್ಣೆ ಪದರ ಆವಿಯನ್ನು ತಡೆಯುತ್ತದೆಯೇ? ತಡೆಯುತ್ತದೆ. ಇದು ನಮ್ಮ ಅಡುಗೆಮನೆಯಲ್ಲೇ ಕಾಣುವ ವಿಷಯ. ಮೇಲೆ ಎಣ್ಣೆ ತೇಲುವ ಸಾರು ಬೇಗ ಆರುವುದಿಲ್ಲ. ಬರೀ ಬಿಸಿನೀರು ಇಟ್ಟರೆ ಬೇಗ ಆರುತ್ತದೆ. ಏಕೆಂದರೆ ನೀರು ಆವಿಯಾಗುವಾಗ ಶಾಖವನ್ನೂ ಹೊತ್ತುಕೊಂಡು ಹೋಗುತ್ತದೆ. ಮೇಲೆ ಎಣ್ಣೆ ಮುಚ್ಚಿದಂತೆ ಕೂತರೆ ಆವಿಗೆ ದಾರಿ ಕಡಿಮೆ.

ನೀವೇ ಮಾಡಿ ನೋಡಬಹುದು. ಒಂದೇ ಅಳತೆಯ ಎರಡು ತಾಟಿಗೆ ಒಂದೊಂದು ಲೋಟ ನೀರು ಹಾಕಿ. ಒಂದಕ್ಕೆ ಮಾತ್ರ ನೀರು ಪೂರಾ ಮುಚ್ಚುವಷ್ಟು ಒಳ್ಳೆಣ್ಣೆ ಹಾಕಿ. ಎರಡನ್ನೂ ಬಿಸಿಲಿಗಿಡಿ. ಸಂಜೆ ನೋಡಿದರೆ ಎಣ್ಣೆ ಹಾಕಿದ ತಾಟಿನಲ್ಲಿ ನೀರು ಹೆಚ್ಚು ಉಳಿದಿರುತ್ತದೆ.

ಎಣ್ಣೆ ಇನ್ನೂ ಎರಡು ಕೆಲಸ ಮಾಡುತ್ತದೆ. ಒಂದು, ಕಪ್ಪಗೆ ದಪ್ಪಗೆ ಇದ್ದರೆ ಬಿಸಿಲನ್ನು ಹೀರಿ ಆ ಜಾಗದ ನೀರಿನ ಮೇಲ್ಮೈಯನ್ನು ಸ್ವಲ್ಪ ಬಿಸಿ ಮಾಡುತ್ತದೆ. ಎರಡು, ಸಣ್ಣ ಸಣ್ಣ ಅಲೆಗಳನ್ನು ಅಡಗಿಸುತ್ತದೆ. ಸುಮಾರು 250 ವರ್ಷಗಳ ಹಿಂದೆ ಬೆಂಜಮಿನ್ ಫ್ರಾಂಕ್ಲಿನ್ ಎಂಬ ಅಮೆರಿಕದ ವಿಜ್ಞಾನಿ ಲಂಡನ್ನಿನ ಒಂದು ಹೊಂಡದ ದಂಡೆಯಲ್ಲಿ ನಿಂತು ಒಂದೇ ಚಮಚ ಎಣ್ಣೆ ಸುರಿದರು. ಅದು ಹರಡುತ್ತಾ ಹೋಗಿ ಅರ್ಧ ಎಕರೆಯಷ್ಟು, ಅಂದರೆ 20 ಗುಂಟೆ ನೀರು ಕನ್ನಡಿಯಂತೆ ಶಾಂತವಾಯಿತು.

ಹೀಗೆ ಎಣ್ಣೆಯ ಪದರದಡಿ ಆವಿ ಕಡಿಮೆಯಾಗುವುದು, ಸ್ವಲ್ಪ ಬಿಸಿ ಏರುವುದು, ಅಲೆ ಅಡಗುವುದು ನಿಜ. ಮೊಬೈಲಿನಲ್ಲಿ ಬಂದ ಮಾತು ಇಷ್ಟರಮಟ್ಟಿಗೆ ಸರಿ. ಅದಕ್ಕೇ ಅದು ನಂಬುವಂತೆ ಕಾಣುತ್ತದೆ. ಕೇಳಬೇಕಾದ ಮುಂದಿನ ಪ್ರಶ್ನೆ ಬೇರೆ ಇದೆ: ಎಷ್ಟು ಜಾಗದಲ್ಲಿ? ಎಷ್ಟು ದಿನ?

ಗುಂಟೆ ಲೆಕ್ಕ ಹಾಕೋಣ

ಸಂಘದಲ್ಲಿ ನಾವು ಲೆಕ್ಕವಿಲ್ಲದೆ ಒಂದು ರೂಪಾಯಿ ಕೊಡುವುದಿಲ್ಲ. ಇದಕ್ಕೂ ಲೆಕ್ಕ ಹಾಕೋಣ.

ಒಂದು ಲೀಟರ್ ಎಣ್ಣೆಯನ್ನು ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ತೆಳ್ಳಗೆ ಹರಡಿದರೆ ಹತ್ತು ಗುಂಟೆ ಜಾಗ ಮುಚ್ಚುತ್ತದೆ. ಮಳೆಗಾಲದಲ್ಲಿ ರಸ್ತೆಯ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಎಣ್ಣೆ ಕಾಣುತ್ತದಲ್ಲ, ಸುಮಾರು ಅಷ್ಟು ತೆಳುವು. ಕಾರವಾರದಲ್ಲಿ ಸೋರಿದ 650 ಟನ್ ಎಂದರೆ ಹತ್ತಿರ ಹತ್ತಿರ 6 ಲಕ್ಷ 80 ಸಾವಿರ ಲೀಟರ್. ಅಷ್ಟೂ ಎಣ್ಣೆ ಹೀಗೆ ತೆಳ್ಳಗೆ ಹರಡಿತು ಎಂದೇ ಇಟ್ಟುಕೊಳ್ಳಿ. ಮುಚ್ಚುವ ಜಾಗ ಸುಮಾರು 680 ಚದರ ಕಿಲೋಮೀಟರ್.

ನಮ್ಮ ತುಂಗಭದ್ರಾ ಡ್ಯಾಂ ತುಂಬಿದಾಗ ಮುನಿರಾಬಾದಿನಲ್ಲಿ ನಿಂತು ನೋಡಿದರೆ ಆಚೆ ದಂಡೆ ಕಾಣುವುದಿಲ್ಲ. ಆ ನೀರು ಹರಡುವ ಜಾಗ 378 ಚದರ ಕಿಲೋಮೀಟರ್. ಅಂದರೆ ಕಾರವಾರದ ಎಣ್ಣೆ ಬಹಳವೆಂದರೆ ಎರಡು ತುಂಗಭದ್ರಾ ಹಿನ್ನೀರಿನಷ್ಟು ಜಾಗವನ್ನೂ ಮುಚ್ಚುತ್ತಿರಲಿಲ್ಲ.

ಅರಬ್ಬಿ ಸಮುದ್ರ ಎಷ್ಟು ದೊಡ್ಡದು? ಸುಮಾರು 38 ಲಕ್ಷ ಚದರ ಕಿಲೋಮೀಟರ್. ಹತ್ತು ಸಾವಿರ ತುಂಗಭದ್ರಾ ಡ್ಯಾಂಗಳನ್ನು ಒಂದರ ಪಕ್ಕ ಒಂದು ಇಟ್ಟಷ್ಟು! ಹತ್ತು ಸಾವಿರದಲ್ಲಿ ಎರಡಕ್ಕಿಂತ ಕಡಿಮೆ ಮುಚ್ಚಿದರೆ ಉಳಿದದ್ದು ತೆರೆದೇ ಇರುತ್ತದಲ್ಲವೇ? ಊರಿನ ಸಾವಿರಾರು ಮನೆಗಳ ಪೈಕಿ ಒಂದು ಮನೆಯವರು ಒಲೆ ಹಚ್ಚಲಿಲ್ಲ ಎಂದರೆ ಊರ ಮೇಲಿನ ಹೊಗೆ ಕಡಿಮೆಯಾಗುವುದಿಲ್ಲ.

ಇದೂ ಹೆಚ್ಚೇ ಹಾಕಿದ ಲೆಕ್ಕ. ಹಡಗಿನ ಫರ್ನೇಸ್ ಎಣ್ಣೆ ಒಳ್ಳೆಣ್ಣೆಯಂತೆ ತೆಳ್ಳಗಿರುವುದಿಲ್ಲ, ಕಾಕಂಬಿಯಂತೆ ದಪ್ಪ. ಅದು ತೇಪೆ ತೇಪೆಯಾಗಿ, ಪಟ್ಟಿ ಪಟ್ಟಿಯಾಗಿ ತೇಲುತ್ತದೆ. ನಡುನಡುವೆ ನೀರು ತೆರೆದೇ ಇರುತ್ತದೆ.

ಎಷ್ಟು ದಿನ ಇರುತ್ತದೆ?

ತಾಟಿನ ನೀರು ಅಲುಗುವುದಿಲ್ಲ. ಸಮುದ್ರ ಸುಮ್ಮನೆ ಕೂರುವುದಿಲ್ಲ. ಮುಂಗಾರಿನ ಗಾಳಿಗೆ ಆಳೆತ್ತರದ ಅಲೆಗಳು ಏಳುತ್ತವೆ. ಎಣ್ಣೆಯ ಹಗುರ ಭಾಗ ಒಂದೆರಡು ದಿನದಲ್ಲಿ ತಾನೇ ಹಾರಿಹೋಗುತ್ತದೆ. ಉಳಿದದ್ದನ್ನು ಅಲೆಗಳು ಮಜ್ಜಿಗೆ ಕಡೆದಂತೆ ಕಡೆದು ನೀರಿನೊಂದಿಗೆ ಬೆರೆಸಿ ಕಂದು ಬಣ್ಣದ ಮುದ್ದೆ ಮಾಡುತ್ತವೆ. ಕೊನೆಗೆ ಅದು ಡಾಂಬರಿನ ಉಂಡೆಗಳಾಗಿ ದಂಡೆಗೆ ಬೀಳುತ್ತದೆ. ಕೆಲವನ್ನು ಸಮುದ್ರದ ಸೂಕ್ಷ್ಮ ಜೀವಿಗಳು ನಿಧಾನವಾಗಿ ತಿನ್ನುತ್ತವೆ.

ಬೇಕೆಂದೇ ಪದರ ಹಾಕಿದರೂ ನಿಲ್ಲುವುದಿಲ್ಲ ಎಂಬುದಕ್ಕೆ ಒಂದು ಉದಾಹರಣೆ. ಬರಗಾಲದಲ್ಲಿ ಕುಡಿಯುವ ನೀರಿನ ಕೆರೆ, ಜಲಾಶಯ ಬತ್ತದಿರಲೆಂದು ಮೇಣದಂಥ ಒಂದು ವಸ್ತುವನ್ನು ನೀರಿನ ಮೇಲೆ ತೆಳ್ಳಗೆ ಹರಡುವ ಪ್ರಯೋಗ ನಮ್ಮ ದೇಶದಲ್ಲೂ, ಬೇರೆ ದೇಶಗಳಲ್ಲೂ ನಡೆದಿದೆ. ಗಾಳಿ ಇಲ್ಲದಾಗ ಆವಿ ಒಂದಿಷ್ಟು ತಗ್ಗುತ್ತದೆ. ಗಾಳಿ ಬಂತೆಂದರೆ ಪದರ ಹರಿದು ಒಂದು ದಂಡೆಗೆ ಹೋಗಿ ಕೂರುತ್ತದೆ, ಮತ್ತೆ ಮತ್ತೆ ಹಾಕಬೇಕು. ಒಂದು ಕೆರೆಯ ಮೇಲೇ ನಿಲ್ಲದ ಪದರ ಮುಂಗಾರಿನ ಸಮುದ್ರದ ಮೇಲೆ ನಿಂತೀತೇ?

ನಮ್ಮ ಮಳೆ ಎಲ್ಲಿಂದ ಬರುತ್ತದೆ?

ಮುಂಗಾರಿನ ಗಾಳಿ ಕಾರವಾರ, ಕೊಚ್ಚಿಯ ದಂಡೆಯಲ್ಲಿ ಹುಟ್ಟುವುದಿಲ್ಲ. ಅದು ಭೂಮಧ್ಯರೇಖೆಯ ಆಚೆ, ಹಿಂದೂ ಮಹಾಸಾಗರದ ದಕ್ಷಿಣ ಭಾಗದಿಂದ ಹೊರಟು, ಆಫ್ರಿಕಾದ ಸೋಮಾಲಿಯಾ ದಂಡೆಯ ಹತ್ತಿರ ತಿರುವು ಹೊಡೆದು, ಇಡೀ ಅರಬ್ಬಿ ಸಮುದ್ರವನ್ನು ದಾಟಿ ಬರುತ್ತದೆ. ಸಾವಿರಾರು ಕಿಲೋಮೀಟರ್ ದಾರಿಯುದ್ದಕ್ಕೂ ನೀರಾವಿ ತುಂಬಿಕೊಳ್ಳುತ್ತದೆ. ದೂರದ ಪೇಟೆಗೆ ಹೊರಟ ಬಸ್ಸು ಊರೂರಿಗೆ ನಿಂತು ಮಂದಿಯನ್ನು ಹತ್ತಿಸಿಕೊಂಡ ಹಾಗೆ. ಕೊನೆಯ ಸ್ಟಾಪಿನಲ್ಲಿ ಒಬ್ಬರು ಹತ್ತದಿದ್ದರೆ ಬಸ್ಸೇನೂ ಖಾಲಿಯಾಗುವುದಿಲ್ಲ.

ಹೀಗೆ ಬಂದ ಗಾಳಿಗೆ ಪಶ್ಚಿಮ ಘಟ್ಟ ಅಡ್ಡ ನಿಲ್ಲುತ್ತದೆ. ಘಟ್ಟ ಹತ್ತುವಾಗ ಮೋಡ ತಣ್ಣಗಾಗಿ ಬಹುಪಾಲು ನೀರನ್ನು ಅಲ್ಲೇ ಸುರಿಸುತ್ತದೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಅಲ್ಲಿಂದ ಇನ್ನೂರು ಚಿಲ್ಲರೆ ಕಿಲೋಮೀಟರ್ ಒಳಗೆ ಇರುವ ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಸುಮಾರು 600 ಮಿಲಿಮೀಟರ್. ಘಟ್ಟದ ಹಿಂದೆ, ಮಳೆಯ ಮರೆಯಲ್ಲಿ ಇರುವ ಸೀಮೆ ನಮ್ಮದು. ಎಣ್ಣೆ ಚೆಲ್ಲಲಿ ಬಿಡಲಿ, ಇದು ಹೀಗೇ.

ನಮಗೆ ಒಳ್ಳೆಯ ಮಳೆ ಬರಬೇಕೆಂದರೆ ಬಂಗಾಳ ಕೊಲ್ಲಿಯ ಕಡೆ ವಾಯುಭಾರ ಕುಸಿತವಾಗಬೇಕು. ಆಗ ಮೋಡ ಒಳನಾಡಿಗೆ ಬರುತ್ತದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ ನೆನಪಿದೆಯೇ? ಅಲ್ಲಿಯವರೆಗೆ ದೇಶಕ್ಕೆಲ್ಲ ಬರಗಾಲದ ಮಾತು. ವಾಯುಭಾರ ಕುಸಿತವಾಗಿ ನಾಲ್ಕಾರು ದಿನ ಸುರಿದ ಮಳೆಗೆ ಉತ್ತರ ಕರ್ನಾಟಕದ ಹಳ್ಳಕೊಳ್ಳಗಳೆಲ್ಲ ತುಂಬಿ ಮಣ್ಣಿನ ಮನೆಗಳು ಕುಸಿದವು. ಒಂದೇ ವರ್ಷದಲ್ಲಿ ಬರವೂ ನೆರೆಯೂ ಬಂದವು.

ಇನ್ನು ಬೇಸಿಗೆಯ ಬಿಸಿಲು. ಮಾರ್ಚ್‌ನಿಂದ ಮೇವರೆಗೆ ನಮ್ಮಲ್ಲಿ ನೆಲ ಒಣಗಿರುತ್ತದೆ, ಗುಡ್ಡದ ಕಲ್ಲು ಕಾಯುತ್ತದೆ, ಗಿಡಮರ ಕಡಿಮೆ. ಒಣ ನೆಲದಿಂದ ಆವಿಯೇಳುವ ನೀರೇ ಇಲ್ಲದ್ದರಿಂದ ಬಿಸಿಲಿನ ಶಾಖವೆಲ್ಲ ಗಾಳಿಯನ್ನು ಕಾಯಿಸುವುದಕ್ಕೇ ಹೋಗುತ್ತದೆ. ಕುಷ್ಟಗಿ, ಯಲಬುರ್ಗಾದ ಒಣ ಬಿಸಿಲಿಗೂ ಕಾಲುವೆ ನೀರು, ಭತ್ತದ ಗದ್ದೆ ಇರುವ ಗಂಗಾವತಿ ಕಡೆಯ ಸೆಕೆಗೂ ಇರುವ ವ್ಯತ್ಯಾಸ ನಿಮಗೇ ಗೊತ್ತು. ಒಂದೇ ಜಿಲ್ಲೆಯ ಎರಡು ಊರುಗಳ ನಡುವೆ ಹವೆ ಬೇರೆಯಾಗುವುದು ನೆಲ, ನೀರು, ಗಿಡಗಳಿಂದ. ನೂರಾರು ಕಿಲೋಮೀಟರ್ ಆಚೆ ತೇಲುವ ಎಣ್ಣೆಯ ತೇಪೆಯಿಂದಲ್ಲ.

ನಡೆದ ವರ್ಷಗಳು ಏನು ಹೇಳುತ್ತವೆ?

ಮಾತಿಗಿಂತ ನಡೆದದ್ದನ್ನು ನೋಡೋಣ.

- 2006: ಮೇ 30ರಂದು ಕಾರವಾರದಲ್ಲಿ ಎಣ್ಣೆ ಚೆಲ್ಲಿತು. ಆ ವರ್ಷ ದೇಶದ ಮುಂಗಾರು ಮಳೆ ವಾಡಿಕೆಯಷ್ಟೇ ಆಯಿತು.
- 2010: ಆಗಸ್ಟ್ 7ರಂದು ಮುಂಬಯಿ ಬಳಿ ಎರಡು ಹಡಗುಗಳು ಗುದ್ದಿಕೊಂಡು ನೂರಾರು ಟನ್ ಎಣ್ಣೆ ಚೆಲ್ಲಿತು. ಆ ವರ್ಷವೂ ಮಳೆ ವಾಡಿಕೆಯಷ್ಟು, ಒಂದು ಕೈ ಹೆಚ್ಚೇ.
- 2025: ಮೇ 24ರಂದೇ ಮುಂಗಾರು ಕೇರಳಕ್ಕೆ ಕಾಲಿಟ್ಟಿತ್ತು. ಮರುದಿನ ಹಡಗು ಮುಳುಗಿತು. ಮೇ 26ಕ್ಕೆ ಮುಂಗಾರು ಮುಂಬಯಿ, ಬೆಂಗಳೂರು ತಲುಪಿತ್ತು. ಎಣ್ಣೆ ತೇಲುತ್ತಿದ್ದ ಸಮುದ್ರದ ಮೇಲಿಂದಲೇ ಮಳೆಗಾಳಿ ದಾಟಿ ಬಂತು. ಆ ವರ್ಷ ದೇಶದಲ್ಲಿ ವಾಡಿಕೆಗಿಂತ 8 ಶೇಕಡಾ ಹೆಚ್ಚು ಮಳೆ.

ಹಾಗಂತ ಎಣ್ಣೆ ಚೆಲ್ಲಿದ್ದಕ್ಕೇ ಮಳೆ ಚೆನ್ನಾಯಿತು ಎಂದೂ ತಿಳಿಯಬೇಡಿ! ಅದೂ ಅಷ್ಟೇ ತಪ್ಪು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ, ಅಷ್ಟೇ.

ಇದಕ್ಕಿಂತ ಬಹಳ ದೊಡ್ಡ ಘಟನೆಗಳೂ ಇವೆ. 2010ರ ಏಪ್ರಿಲ್ 20ರಂದು ಅಮೆರಿಕದ ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ಎಣ್ಣೆ ತೆಗೆಯುವ ಅಟ್ಟ ಸ್ಫೋಟಗೊಂಡು 11 ಮಂದಿ ಕೆಲಸಗಾರರು ಸತ್ತರು. 87 ದಿನ ಎಣ್ಣೆ ಉಕ್ಕಿತು. ಸುಮಾರು 49 ಲಕ್ಷ ಬ್ಯಾರೆಲ್! ಒಂದು ಬ್ಯಾರೆಲ್ ಎಂದರೆ 159 ಲೀಟರ್. ಅಲ್ಲಿಯ ಜನರೂ ನಮ್ಮಂತೆಯೇ ಕೇಳಿದರು: "ಚಂಡಮಾರುತ ಹೆಚ್ಚುತ್ತದೋ, ಕಡಿಮೆಯಾಗುತ್ತದೋ?" ಚಂಡಮಾರುತದ ಗಾತ್ರದ ಮುಂದೆ ಎಣ್ಣೆಯ ಪದರ ಬಹಳ ಚಿಕ್ಕದು, ಜೋರು ಗಾಳಿಗೆ ಅದು ಹರಿದುಹೋಗುತ್ತದೆ, ಹೇಳಿಕೊಳ್ಳುವಂಥ ಪರಿಣಾಮ ಇರುವುದಿಲ್ಲ ಎಂದು ಅಲ್ಲಿನ ಸರಕಾರಿ ಹವಾಮಾನ ತಜ್ಞರು ತಿಳಿಸಿದರು.

ಒಂದು ಕಡೆ ಮಾತ್ರ ಎಣ್ಣೆಯಿಂದ ಹವೆ ನಿಜವಾಗಿ ಬದಲಾದದ್ದು ಕಂಡಿದೆ. 1991ರ ಕೊಲ್ಲಿ ಯುದ್ಧದಲ್ಲಿ ಕುವೈತಿನ 600ಕ್ಕೂ ಹೆಚ್ಚು ಎಣ್ಣೆ ಬಾವಿಗಳಿಗೆ ಬೆಂಕಿ ಹಚ್ಚಲಾಯಿತು. ಸಮುದ್ರಕ್ಕೂ ಲಕ್ಷಾಂತರ ಬ್ಯಾರೆಲ್ ಎಣ್ಣೆ ಹರಿಯಿತು. ಬೆಂಕಿ ಪೂರಾ ಆರಿದ್ದು ಆ ವರ್ಷದ ನವೆಂಬರಿನಲ್ಲಿ. ಕರಿ ಹೊಗೆ ಸೂರ್ಯನನ್ನೇ ಮುಚ್ಚಿ, ಹೊಗೆಯ ಅಡಿಯಲ್ಲಿದ್ದ ಊರುಗಳಲ್ಲಿ ಹಗಲಿನ ಬಿಸಿ ಹಲವು ಡಿಗ್ರಿ ಇಳಿಯಿತು. ಭಾರತದ ಮುಂಗಾರು ಕೆಡುತ್ತದೆಂದು ಆಗ ಜಗತ್ತಿನ ದೊಡ್ಡ ದೊಡ್ಡ ವಿಜ್ಞಾನಿಗಳೇ ಹೆದರಿದ್ದರು. ಆದರೆ ಹೊಗೆ ಬಹಳ ಎತ್ತರಕ್ಕೆ ಏರಲಿಲ್ಲ, ಕೆಲವೇ ದಿನಗಳಲ್ಲಿ ಮಳೆಗೆ ತೊಳೆದು ಕೆಳಗಿಳಿಯುತ್ತಿತ್ತು. ನಮ್ಮ ಮುಂಗಾರಿನ ಮೇಲೆ ಅದರ ಪರಿಣಾಮ ಅತಿ ಕಡಿಮೆ ಎಂದು ನಂತರದ ಅಧ್ಯಯನಗಳು ತೋರಿಸಿದವು. ಅಲ್ಲಿ ಹವೆ ಬದಲಿಸಿದ್ದು ನೀರಿನ ಮೇಲಿನ ಎಣ್ಣೆಯಲ್ಲ, ಗಾಳಿಗೆ ಸೇರಿದ ಹೊಗೆ. ಅದೂ ಹೊಗೆ ಇದ್ದ ಕಡೆ, ಹೊಗೆ ಇದ್ದಷ್ಟು ದಿನ.

ಹಾಗಾದರೆ ಮಳೆ ಕೈಕೊಡುವುದು ಏಕೆ?

2002, 2009, 2015, 2023. ಈ ನಾಲ್ಕೂ ವರ್ಷ ಮಳೆ ಕೈಕೊಟ್ಟವು. 2002ರಲ್ಲಿ ದೇಶದ ಮುಂಗಾರು ವಾಡಿಕೆಗಿಂತ ಸುಮಾರು 19 ಶೇಕಡಾ ಕಡಿಮೆ, 2009ರಲ್ಲಿ ಸುಮಾರು 22 ಶೇಕಡಾ ಕಡಿಮೆ. 2023ರಲ್ಲಿ ಕರ್ನಾಟಕದ 236 ತಾಲೂಕುಗಳ ಪೈಕಿ 223 ಬರಪೀಡಿತ ಎಂದು ಸರಕಾರ ಘೋಷಿಸಿತು. ಈ ನಾಲ್ಕೂ ವರ್ಷಗಳಲ್ಲಿ ಒಂದು ವಿಷಯ ಸಮಾನ: ಎಲ್ ನಿನೋ.

ಎಲ್ ನಿನೋ ಎಂದರೆ ಸ್ಪೇನ್ ಭಾಷೆಯಲ್ಲಿ ಪುಟ್ಟ ಹುಡುಗ. ದಕ್ಷಿಣ ಅಮೆರಿಕದ ಪೆರು ದೇಶದ ಬೆಸ್ತರು ಕ್ರಿಸ್ಮಸ್ ಹೊತ್ತಿಗೆ ಸಮುದ್ರದ ನೀರು ಬೆಚ್ಚಗಾಗುವುದನ್ನು ಕಂಡು ಬಾಲಯೇಸುವಿನ ನೆನಪಿಗೆ ಆ ಹೆಸರಿಟ್ಟರು. ಪೆಸಿಫಿಕ್ ಮಹಾಸಾಗರದ ನಡು ಮತ್ತು ಪೂರ್ವ ಭಾಗದ ನೀರು ವಾಡಿಕೆಗಿಂತ ಬಿಸಿಯಾದರೆ ಗಾಳಿಯ ದಾರಿಯೇ ಬದಲಾಗಿ, ನಮ್ಮ ಮುಂಗಾರು ಸೊರಗುವ ಸಂಭವ ಹೆಚ್ಚು. ಸಂಭವ ಹೆಚ್ಚು ಎಂದೆವು, ಖಾತ್ರಿ ಎನ್ನಲಿಲ್ಲ. 1997ರಲ್ಲಿ ಬಲವಾದ ಎಲ್ ನಿನೋ ಇದ್ದರೂ ದೇಶಕ್ಕೆ ವಾಡಿಕೆಯಷ್ಟು ಮಳೆ ಬಂತು.

ನೋಡಿ, ಸಮುದ್ರಕ್ಕೂ ನಮ್ಮ ಹೊಲಕ್ಕೂ ನಂಟಿದೆ ಎಂಬ ಮಾತು ಸುಳ್ಳಲ್ಲ. ಸಾವಿರಾರು ಕಿಲೋಮೀಟರ್ ಉದ್ದದ ಸಮುದ್ರ ತಿಂಗಳುಗಟ್ಟಲೆ ಬಿಸಿಯಾದರೆ ನಮ್ಮ ಮಳೆ ಬದಲಾಗುತ್ತದೆ. ಒಂದು ಹಡಗಿನ ಎಣ್ಣೆ ಒಂದು ವಾರ ತೇಲಿದರೆ ಬದಲಾಗುವುದಿಲ್ಲ.

ಚೆಲ್ಲಿದ ಎಣ್ಣೆಯಲ್ಲ, ಸುಟ್ಟ ಎಣ್ಣೆ

ಇಲ್ಲಿ ಒಂದು ದೊಡ್ಡ ಮಾತಿದೆ. ಇಡೀ ಜಗತ್ತು ದಿನಕ್ಕೆ ಸುಮಾರು 10 ಕೋಟಿ ಬ್ಯಾರೆಲ್ ಎಣ್ಣೆ ಬಳಸುತ್ತದೆ. ಮೆಕ್ಸಿಕೊ ಕೊಲ್ಲಿಯಲ್ಲಿ 87 ದಿನ ಉಕ್ಕಿದ ಎಣ್ಣೆಯನ್ನು ಜಗತ್ತು ಒಂದೂಕಾಲು ಗಂಟೆಯೊಳಗೆ ಮುಗಿಸುತ್ತದೆ!

ಹಾಗೆ ಸುಟ್ಟ ಎಣ್ಣೆ, ಕಲ್ಲಿದ್ದಲಿನ ಹೊಗೆಯಲ್ಲಿ ಕಣ್ಣಿಗೆ ಕಾಣದ ಇಂಗಾಲದ ಅನಿಲವಿದೆ. ಅದು ಮಳೆಗೆ ತೊಳೆದು ಹೋಗುವುದಿಲ್ಲ. ನೂರಾರು ವರ್ಷ ಗಾಳಿಯಲ್ಲೇ ಉಳಿದು ಭೂಮಿಗೆ ಕಂಬಳಿ ಹೊದಿಸಿದಂತೆ ಶಾಖವನ್ನು ಹಿಡಿದಿಡುತ್ತದೆ. ಅರಬ್ಬಿ ಸಮುದ್ರವೂ ಹೀಗೇ ಬಿಸಿಯಾಗುತ್ತಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು 7 ಶೇಕಡಾ ಹೆಚ್ಚುತ್ತದೆ. ಆದ್ದರಿಂದ ಬಂದರೆ ಒಮ್ಮೆಗೇ ಸುರಿಯುವ ಮಳೆ, ಇಲ್ಲದಿದ್ದರೆ ವಾರಗಟ್ಟಲೆ ಒಣ ಹವೆ. ಮಧ್ಯ ಭಾರತದಲ್ಲಿ 1950ರಿಂದ 2015ರ ನಡುವೆ ಹೀಗೆ ಅತಿಯಾಗಿ ಸುರಿಯುವ ಮಳೆಯ ಪ್ರಸಂಗಗಳು ಮೂರು ಪಟ್ಟು ಆಗಿವೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. "ಮೊದಲಿನಂಗ ಮಳಿ ಹದಾ ಹಿಡದು ಬರೂದಿಲ್ರೀ" ಎಂದು ನಮ್ಮ ಹಿರಿಯ ಅವ್ವಂದಿರು ಹೇಳುವ ಮಾತಿಗೂ ಇದಕ್ಕೂ ಹೊಂದುತ್ತದೆ.

ಹಾಗಾದರೆ ಎಣ್ಣೆ ಚೆಲ್ಲಿದರೆ ಕೆಡುಕಿಲ್ಲವೇ?

ಖಂಡಿತ ಇದೆ. ಆದರೆ ಅದು ಬೀಳುವುದು ದಂಡೆಯ ಮಂದಿಯ ಮೇಲೆ. ಮೀನು, ಏಡಿ, ಆಮೆ, ಹಕ್ಕಿ ಸಾಯುತ್ತವೆ. ಬಲೆ ಜಿಡ್ಡಾಗುತ್ತದೆ. ಕೊಚ್ಚಿಯ ಹಡಗು ಮುಳುಗಿದಾಗ ಆ ಜಾಗದ ಸುತ್ತ ಮೀನು ಹಿಡಿಯಬಾರದೆಂದು ಆಜ್ಞೆಯಾಯಿತು. ಕಂಟೇನರಿನಿಂದ ಚೆಲ್ಲಿದ ಪ್ಲಾಸ್ಟಿಕ್ ಕಾಳುಗಳು ದಂಡೆಯುದ್ದಕ್ಕೂ ಬಂದು ಬಿದ್ದವು. ಕೇರಳ ಸರಕಾರ ಅದನ್ನು ರಾಜ್ಯದ ವಿಪತ್ತು ಎಂದು ಘೋಷಿಸಿತು. ಮೀನು ತಿಂದರೆ ವಿಷ ಎಂಬ ಗಾಳಿಸುದ್ದಿ ಬೇರೆ ಹಬ್ಬಿ ಮೀನು ಮಾರುವ ಹೆಣ್ಣುಮಕ್ಕಳ ಬುಟ್ಟಿ ಹಾಗೇ ಉಳಿಯಿತು. ನಮಗೆ ಹದ ತಪ್ಪಿಸಿದಂಥದ್ದೇ ಸುದ್ದಿ ಅವರಿಗೆ ಊಟ ತಪ್ಪಿಸಿತು. ಅವರೂ ನಮ್ಮಂತೆ ಸಂಘ ಕಟ್ಟಿಕೊಂಡ ಅಕ್ಕಂದಿರೇ.

ನಮ್ಮಲ್ಲೂ ಸಣ್ಣ ಪ್ರಮಾಣದಲ್ಲಿ ಎಣ್ಣೆ ಚೆಲ್ಲುತ್ತದೆ. ಟ್ರ್ಯಾಕ್ಟರ್, ಪಂಪ್‌ಸೆಟ್ಟಿನ ಹಳೆ ಎಂಜಿನ್ ಎಣ್ಣೆಯನ್ನು ಹಳ್ಳ, ಕಾಲುವೆ, ಬಾವಿಯ ಹತ್ತಿರ ಸುರಿಯುತ್ತಾರೆ. ಒಂದು ಲೀಟರಿಗೆ ಹತ್ತು ಗುಂಟೆ ಎಂಬ ಲೆಕ್ಕ ನೆನಪಿಡಿ. ಸಮುದ್ರಕ್ಕೆ ಅದು ಏನೂ ಅಲ್ಲ, ದನಕರು ಕುಡಿಯುವ ಊರ ಕೆರೆಗೆ ಅದು ಬಹಳ ದೊಡ್ಡದು. ಹಳೆ ಎಣ್ಣೆಯನ್ನು ಡಬ್ಬಿಯಲ್ಲಿ ಕೂಡಿಟ್ಟು ಗ್ಯಾರೇಜಿಗೆ ಕೊಡುವಂತೆ ಮನೆಯ ಗಂಡಸರಿಗೆ ಹೇಳಿ.

ಸಂಘ ಏನು ಮಾಡಬೇಕು?

1. ಸುದ್ದಿ ಬಂದರೆ ಮೂರು ಪ್ರಶ್ನೆ ಕೇಳಿ: ಎಷ್ಟು ಜಾಗದಲ್ಲಿ? ಎಷ್ಟು ದಿನ? ಯಾರು ಹೇಳಿದ್ದು? ಉತ್ತರ ಸಿಗುವವರೆಗೆ ಅದನ್ನು ನಿರ್ಣಯ ಪುಸ್ತಕಕ್ಕೆ ಬರೆಯಬೇಡಿ, ಸಾಲ ನಿಲ್ಲಿಸಬೇಡಿ.

2. ಭಾರತ ಹವಾಮಾನ ಇಲಾಖೆ ಏಪ್ರಿಲ್‌ನಲ್ಲಿ ಒಮ್ಮೆ, ಮೇ ಕೊನೆಗೆ ಇನ್ನೊಮ್ಮೆ ಮುಂಗಾರಿನ ಮುನ್ಸೂಚನೆ ಕೊಡುತ್ತದೆ. ಎಲ್ ನಿನೋ ಇದೆಯೋ ಇಲ್ಲವೋ ಅದರಲ್ಲೇ ತಿಳಿಯುತ್ತದೆ. ಬಿತ್ತುವ ಮುಂಚೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ರಾಜ್ಯದ ವರುಣ ಮಿತ್ರ ಸಹಾಯವಾಣಿಯೂ ಮಳೆಯ ಮಾಹಿತಿ ಕೊಡುತ್ತದೆ.

3. ಬೀಜದ ಸಾಲದ ನಿರ್ಣಯ ಮೇ ತಿಂಗಳ ಎರಡನೇ ವಾರದೊಳಗೆ ಮುಗಿಯಲಿ. ಹದ ಬಂದಾಗ ದುಡ್ಡು ಕೈಯಲ್ಲಿರಬೇಕು. ಮಳೆ ನಮ್ಮ ಸಭೆಯ ದಿನ ನೋಡಿಕೊಂಡು ಬರುವುದಿಲ್ಲ.

4. ಒಂದೇ ಬೆಳೆಗೆ ಎಲ್ಲ ದುಡ್ಡು ಹಾಕಬೇಡಿ. ಸಜ್ಜೆಯ ನಡುವೆ ತೊಗರಿ, ಅಕ್ಕಡಿ ಸಾಲು, ಒಂದಿಷ್ಟು ಮೇವು ಇರಲಿ. ಒಂದು ಹೋದರೆ ಒಂದು ಉಳಿಯುತ್ತದೆ.

5. ಬೆಳೆ ವಿಮೆ ಮರೆಯಬೇಡಿ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಧಾನ್ಯ, ಎಣ್ಣೆಕಾಳಿಗೆ ರೈತರ ಪಾಲು ವಿಮೆ ಮೊತ್ತದ ನೂರಕ್ಕೆ 2 ರೂಪಾಯಿ, ಹಿಂಗಾರಿಗೆ ಒಂದೂವರೆ ರೂಪಾಯಿ. ಕೊನೆಯ ದಿನ ಬೆಳೆಯಿಂದ ಬೆಳೆಗೆ ಬೇರೆ, ಮೊದಲೇ ವಿಚಾರಿಸಿ.

6. ಹೊಲದ ನೀರು ಹೊಲದಲ್ಲೇ ಇಂಗಲಿ. ಬದು, ಕೃಷಿ ಹೊಂಡ, ಬದುವಿನ ಮೇಲೆ ಬೇವು, ಹುಣಸೆ. ಬೇಸಿಗೆಯ ಝಳ ತಗ್ಗಿಸುವುದು ನಮ್ಮ ಕೈಯಲ್ಲಿರುವುದು ಇಷ್ಟೇ, ಆದರೆ ಇದು ಸಣ್ಣದಲ್ಲ.

ಕುಷ್ಟಗಿಯ ಆ ಸಂಘದವರು ಈಗ ಒಂದು ಪದ್ಧತಿ ಮಾಡಿಕೊಂಡಿದ್ದಾರೆ. ಯಾರಾದರೂ ಮೊಬೈಲ್ ಸುದ್ದಿ ತಂದರೆ ಅದನ್ನು ಒಂದು ಚೀಟಿಯಲ್ಲಿ ಬರೆದಿಡುತ್ತಾರೆ. ಒಬ್ಬರು ಕೇಳಿಕೊಂಡು ಬಂದು ಮುಂದಿನ ವಾರ ಹೇಳುತ್ತಾರೆ. ಅಲ್ಲಿಯವರೆಗೆ ಸಂಘದ ಕೆಲಸ ನಿಲ್ಲುವುದಿಲ್ಲ. ಅಂದು ಮೊಬೈಲ್ ತೋರಿಸಿದ ಸದಸ್ಯೆಯೇ ಈಗ ಕೇಳಿಕೊಂಡು ಬರುವ ಕೆಲಸಕ್ಕೆ ಒಪ್ಪಿದ್ದಾರೆ. "ಪ್ರಶ್ನೆ ಕೇಳಿದಾಕಿ ನಾನs, ಉತ್ತರಾನೂ ನಾನs ತರ್ತೀನಿ" ಎಂದರು. ನಾವೂ ಅಂದಿನಿಂದ ಒಂದು ಪಾಠ ಕಲಿತೆವು. ಗೊತ್ತಿಲ್ಲದ್ದಕ್ಕೆ "ಇರಬಹುದು" ಎನ್ನುವುದಿಲ್ಲ.

ಸಭೆಯಲ್ಲಿ ಚರ್ಚಿಸಿ

- ಕಳೆದ ಎರಡು ವರ್ಷಗಳಲ್ಲಿ ಯಾವ ಗಾಳಿಸುದ್ದಿಯಿಂದ ನಮ್ಮ ಸಂಘಕ್ಕೆ, ನಮ್ಮ ಮನೆಗೆ ನಷ್ಟವಾಯಿತು?
- ಎರಡು ತಾಟಿನ ಪ್ರಯೋಗವನ್ನು ಮಕ್ಕಳೊಂದಿಗೆ ಮಾಡಿ ನೋಡಿ. ಏನು ಕಂಡಿರಿ? ತಾಟಿಗೂ ಸಮುದ್ರಕ್ಕೂ ಏನು ವ್ಯತ್ಯಾಸ?
- ನಮ್ಮೂರಿನಲ್ಲಿ ಹಳೆ ಎಂಜಿನ್ ಎಣ್ಣೆ ಎಲ್ಲಿಗೆ ಹೋಗುತ್ತಿದೆ?
- ಮುಂದಿನ ಮುಂಗಾರಿನ ಬೀಜದ ಸಾಲಕ್ಕೆ ಯಾವ ತಾರೀಖಿಗೆ ನಿರ್ಣಯ ಮಾಡುತ್ತೇವೆ?